ಕೈತೋಟ

ಕೈತೋಟ ಎಂಬುದು ವಾಸದ ಮನೆಯ ಹಿತ್ತಲು, ಅಂಗಳ, ತಾರಸಿ, ಬಾಲ್ಕನಿ ಅಥವಾ ಕಿಟಕಿಯ ಅಂಚಿನಲ್ಲಿ ಮನೆಯವರೇ ತಮ್ಮ ಬಳಕೆಗಾಗಿ ಬೆಳೆಸಿಕೊಳ್ಳುವ ಸಣ್ಣ ತೋಟ. ಸೊಪ್ಪು, ತರಕಾರಿ, ಹೂವು, ಹಣ್ಣು ಮತ್ತು ಮನೆಮದ್ದಿನ ಗಿಡಗಳು ಇದರ ಮುಖ್ಯ ಬೆಳೆಗಳು. ಮಾರಾಟಕ್ಕಾಗಿ ಮಾಡುವ ತೋಟಗಾರಿಕೆಗೂ ಕೈತೋಟಕ್ಕೂ ಇರುವ ಪ್ರಮುಖ ವ್ಯತ್ಯಾಸವೆಂದರೆ, ಇಲ್ಲಿ ದುಡಿಮೆ ಮನೆಯವರದ್ದು, ಬೆಳೆಯೂ ಬಹುಪಾಲು ಮನೆಯ ಅಡುಗೆಗೇ ಸಲ್ಲುತ್ತದೆ.

ಕೈತೋಟಕ್ಕೆ ಇಂತಿಷ್ಟೇ ವಿಸ್ತೀರ್ಣ ಬೇಕೆಂಬ ನಿಯಮವಿಲ್ಲ. ಅಲ್ಲಿ ಏನನ್ನು ಬೆಳೆಯಬಹುದೆಂಬುದನ್ನು ನಿರ್ಧರಿಸುವುದು ನಾಲ್ಕು ಸಂಗತಿಗಳು: ಆ ಜಾಗಕ್ಕೆ ಬೀಳುವ ಬಿಸಿಲು, ದೊರೆಯುವ ನೀರು, ನೆಲ ಅಥವಾ ಚಾವಣಿ ತಾಳಬಲ್ಲ ಭಾರ, ಮತ್ತು ಬೆಳೆಯುವವರಿಗೆ ಆ ಜಾಗದ ಮೇಲಿರುವ ಹಕ್ಕು. ಸ್ವಂತ ಮನೆಯವರಿಗೂ ಬಾಡಿಗೆದಾರರಿಗೂ ಮೊದಲ ಮೂರು ಸಮಾನ; ನಾಲ್ಕನೆಯದು ಮಾತ್ರ ಬೇರೆ.

## ಹೆಸರು ಮತ್ತು ಪ್ರಾದೇಶಿಕ ರೂಪಗಳು

ಕನ್ನಡದಲ್ಲಿ ಮನೆಯ ಹಿಂಬದಿಯ ಜಾಗಕ್ಕೆ ಹಿತ್ತಲು ಅಥವಾ ಹಿತ್ತಿಲು ಎಂಬ ಹೆಸರಿದೆ. ಕಣ್ಣೆದುರಿಗಿರುವುದಕ್ಕೆ ಬೆಲೆ ಕಡಿಮೆ ಎಂಬುದನ್ನು ಹೇಳಲು ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಬಳಕೆಯಲ್ಲಿದೆ. ಮನೆಮದ್ದಿನ ಗಿಡಗಳು ಹಿತ್ತಲಲ್ಲೇ ಇರುತ್ತಿದ್ದವು ಎಂಬುದಕ್ಕೂ ಈ ಗಾದೆ ಸಾಕ್ಷಿ.

ಕರಾವಳಿಯ ಮನೆಗಳಲ್ಲಿ ಬಸಳೆ ಮತ್ತು ತೊಂಡೆಯ ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಬಾವಿಕಟ್ಟೆಯ ಬಳಿ ಒಂದೆಲಗ ಸಾಮಾನ್ಯ ದೃಶ್ಯ. ಮಲೆನಾಡಿನ ಹಿತ್ತಲಲ್ಲಿ ಅರಿಶಿನ, ಶುಂಠಿ ಮತ್ತು ಗೆಣಸಿನ ಜೊತೆ ಮಳೆಗಾಲದ ಬಳ್ಳಿ ತರಕಾರಿಗಳಿರುತ್ತವೆ. ಬಯಲುಸೀಮೆಯಲ್ಲಿ ನುಗ್ಗೆ, ಕರಿಬೇವು, ಅವರೆ ಮತ್ತು ಸಿಹಿಗುಂಬಳ ಹೆಚ್ಚು. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಮನೆಯಂಗಳದಲ್ಲಿ ಬೆಳೆಯುವ ಮಲ್ಲಿಗೆ ಅನೇಕ ಕುಟುಂಬಗಳ ಆದಾಯದ ಮೂಲವಾಗಿದ್ದು, ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ನಗರಗಳಲ್ಲಿ ಹಿತ್ತಲಿನ ಸ್ಥಾನವನ್ನು ತಾರಸಿ ತೋಟ ಮತ್ತು ಕುಂಡಗಳ ತೋಟ ಆಕ್ರಮಿಸಿಕೊಂಡಿವೆ.

## ಇತಿಹಾಸ

ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಗಿಡಮರಗಳ ಆರೈಕೆಯು ಗೃಹಸ್ಥರಿಗೆ ತಿಳಿದಿರಬೇಕಾದ ನಿತ್ಯೋಪಯೋಗಿ ವಿದ್ಯೆಗಳಲ್ಲಿ ಒಂದೆಂದು ಪರಿಗಣಿತವಾಗಿದ್ದುದನ್ನು ಇದು ತೋರಿಸುತ್ತದೆ.

1760ರಲ್ಲಿ ಹೈದರಾಲಿಯು ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗ್, ಮುಂದೆ ಸಸ್ಯೋದ್ಯಾನವಾಗಿ ಬೆಳೆದು ಹೊರನಾಡಿನ ಹೂವು, ಹಣ್ಣು ಮತ್ತು ತರಕಾರಿಗಳನ್ನು ಮೈಸೂರು ಸಂಸ್ಥಾನಕ್ಕೆ ಪರಿಚಯಿಸುವ ಕೇಂದ್ರವಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ಮನೆತೋಟದ ಆಸಕ್ತಿಯನ್ನು ತಲೆಮಾರುಗಳಿಂದ ಬೆಳೆಸಿವೆ.

ಆಹಾರದ ಅಭಾವದ ಕಾಲಗಳಲ್ಲಿ ಕೈತೋಟಕ್ಕೆ ಸರ್ಕಾರಗಳೇ ಉತ್ತೇಜನ ನೀಡಿದ ಉದಾಹರಣೆಗಳಿವೆ. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಬ್ರಿಟನ್ನುಗಳಲ್ಲಿ ಮನೆಯಂಗಳದಲ್ಲಿ ತರಕಾರಿ ಬೆಳೆಯುವ ಆಂದೋಲನಗಳು ನಡೆದವು. ಸೋವಿಯತ್ ಒಕ್ಕೂಟದ ಪತನದ ನಂತರ, 1990ರ ದಶಕದಲ್ಲಿ, ಇಂಧನ ಮತ್ತು ರಸಗೊಬ್ಬರದ ಕೊರತೆಗೆ ಒಳಗಾದ ಕ್ಯೂಬಾದ ಹವಾನಾ ನಗರದಲ್ಲಿ ಖಾಲಿ ನಿವೇಶನಗಳು ತರಕಾರಿ ತೋಟಗಳಾದವು.

ಬೆಂಗಳೂರಿನಲ್ಲಿ ನಿವೇಶನಗಳು ಕಿರಿದಾಗಿ, ಮನೆಗಳು ನಿವೇಶನದ ಅಂಚಿನವರೆಗೂ ವ್ಯಾಪಿಸಿದಂತೆ ಹಿತ್ತಲುಗಳು ಮರೆಯಾದವು. ತೋಟವು ತಾರಸಿಗೆ ಏರಿದ್ದು ಈ ಹಂತದಲ್ಲಿ. ನಗರದಲ್ಲಿ ಸಾವಯವ ತಾರಸಿ ತೋಟದ ಪ್ರಚಾರಕ್ಕೆ ಶ್ರಮಿಸಿದವರಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಪ್ರಮುಖರು.

## ಬಿಸಿಲು ಮತ್ತು ದಿಕ್ಕು

ಬೆಳೆಯ ಆಯ್ಕೆಗೆ ಬಿಸಿಲೇ ಮೊದಲ ಅಳತೆಗೋಲು. ಟೊಮೇಟೊ, ಬದನೆ, ಮೆಣಸಿನಕಾಯಿ, ಬೆಂಡೆ ಮುಂತಾದ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆಗಳ ನೇರ ಬಿಸಿಲು ಬೇಕು. ಮೂಲಂಗಿಯಂತಹ ಗೆಡ್ಡೆಗಳಿಗೆ 4ರಿಂದ 5 ಗಂಟೆ ಸಾಕು. ಸೊಪ್ಪುಗಳು 3ರಿಂದ 4 ಗಂಟೆಗಳ ಬಿಸಿಲಿನಲ್ಲೂ ಬೆಳೆಯುತ್ತವೆ. ಪುದೀನ, ಒಂದೆಲಗ ಮತ್ತು ದೊಡ್ಡಪತ್ರೆಗಳು ಅರೆನೆರಳನ್ನು ಸಹಿಸುತ್ತವೆ.

ಕರ್ನಾಟಕವು ಉಷ್ಣವಲಯದಲ್ಲಿರುವುದರಿಂದ ಇಲ್ಲಿ ಬಿಸಿಲಿನ ದಿಕ್ಕು ವರ್ಷವಿಡೀ ಒಂದೇ ಆಗಿರುವುದಿಲ್ಲ. ಬೆಂಗಳೂರಿನಲ್ಲಿ ಸುಮಾರು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ; ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕಿರುತ್ತಾನೆ. ಆದ್ದರಿಂದ ದಕ್ಷಿಣದ ಬಾಲ್ಕನಿಗೆ ಚಳಿಗಾಲದಲ್ಲಿ ಹೆಚ್ಚು ಬಿಸಿಲು ದೊರೆಯುತ್ತದೆ. ಉತ್ತರದ ಬಾಲ್ಕನಿಗೆ ಬೇಸಿಗೆ ಮತ್ತು ಮುಂಗಾರಿನಲ್ಲಿ ಮಾತ್ರ ಬೆಳಗ್ಗೆ ಮತ್ತು ಸಂಜೆ ಓರೆ ಬಿಸಿಲು ತಾಗುತ್ತದೆ. ಪೂರ್ವದ ಬಾಲ್ಕನಿ ಸೊಪ್ಪಿಗೆ ಅನುಕೂಲ. ಪಶ್ಚಿಮದ ಬಿಸಿಲು ಬೇಸಿಗೆಯಲ್ಲಿ ತೀಕ್ಷ್ಣವಾಗಿರುವುದರಿಂದ ಎಳೆಯ ಸಸಿಗಳಿಗೆ ಹಸಿರು ನೆರಳುಬಲೆಯ ಆಸರೆ ಬೇಕಾಗುತ್ತದೆ.

## ಮಣ್ಣು ಮತ್ತು ಕುಂಡಗಳು

ನೆಲದ ತೋಟದಲ್ಲಿ ಇರುವ ಮಣ್ಣನ್ನೇ ಕಾಂಪೋಸ್ಟ್ ಸೇರಿಸಿ ಹದಗೊಳಿಸಲಾಗುತ್ತದೆ. ಕಟ್ಟಡ ನಿರ್ಮಾಣದ ಸಿಮೆಂಟು, ಜಲ್ಲಿ ಮತ್ತು ಇಟ್ಟಿಗೆ ಚೂರುಗಳು ತುಂಬಿರುವ ನೆಲದಲ್ಲಿ ಮೇಲ್ಪದರವನ್ನು ತೆಗೆದು ಹೊಸ ಮಣ್ಣು ಹಾಕುವುದು ಅಥವಾ ಎತ್ತರದ ಮಡಿ ಕಟ್ಟುವುದು ವಾಡಿಕೆ.

ಕುಂಡಗಳಿಗೆ ಬರೀ ಮಣ್ಣು ತುಂಬಿದರೆ ಅದು ನೀರು ಬಿದ್ದಂತೆ ಗಟ್ಟಿಯಾಗಿ ಬೇರಿಗೆ ಗಾಳಿಯಾಡದಂತಾಗುತ್ತದೆ. ಕೆಂಪುಮಣ್ಣು, ಕಾಂಪೋಸ್ಟ್ ಮತ್ತು ತೆಂಗಿನ ನಾರಿನ ಪುಡಿ (ಕೋಕೋಪೀಟ್) ಇವುಗಳ ಸಮಪ್ರಮಾಣದ ಮಿಶ್ರಣ ಹೆಚ್ಚು ಬಳಕೆಯಲ್ಲಿದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಬಳಸುವ ಮೊದಲು ನೀರಿನಲ್ಲಿ ತೊಳೆಯಬೇಕು.

ಬೆಳೆಗೆ ತಕ್ಕ ಕುಂಡದ ಆಳ ಸಾಮಾನ್ಯವಾಗಿ ಹೀಗಿರುತ್ತದೆ:

- ಮೆಂತ್ಯ, ಕೊತ್ತಂಬರಿ, ದಂಟು, ಪಾಲಕ್: 15 ಸೆಂ.ಮೀ.
- ಮೂಲಂಗಿ, ಬೀನ್ಸ್, ಮೆಣಸಿನಕಾಯಿ: 25 ಸೆಂ.ಮೀ.
- ಟೊಮೇಟೊ, ಬದನೆ, ಬೆಂಡೆ, ಬಳ್ಳಿ ತರಕಾರಿಗಳು: 30 ಸೆಂ.ಮೀ. ಅಥವಾ ಹೆಚ್ಚು
- ನಿಂಬೆ, ಕರಿಬೇವು, ನುಗ್ಗೆ: 45 ಸೆಂ.ಮೀ. ಅಥವಾ ಹೆಚ್ಚು

ಕುಂಡದ ತಳದಲ್ಲಿ ನೀರು ಹರಿದುಹೋಗಲು ರಂಧ್ರಗಳಿರುವುದು ಅತ್ಯಗತ್ಯ. ಮಣ್ಣಿನ ಕುಂಡದಲ್ಲಿ ಬೇರು ತಂಪಾಗಿರುತ್ತದೆ, ಆದರೆ ನೀರು ಬೇಗ ಆರುತ್ತದೆ. ಪ್ಲಾಸ್ಟಿಕ್ ಕುಂಡ ಮತ್ತು ಗ್ರೋ ಬ್ಯಾಗ್‌ಗಳು ಹಗುರ. ರಾಸಾಯನಿಕ ಅಥವಾ ಬಣ್ಣ ತುಂಬಿದ್ದ ಹಳೆಯ ಡಬ್ಬಗಳು ಆಹಾರ ಬೆಳೆಗೆ ಯೋಗ್ಯವಲ್ಲ.

## ತಾರಸಿಯ ಭಾರ ಮತ್ತು ತೇವ

ತಾರಸಿ ತೋಟದಲ್ಲಿ ಹೆಚ್ಚು ಕಡೆಗಣಿಸಲ್ಪಡುವ ವಿಷಯ ಭಾರ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಜನರು ಓಡಾಡಬಹುದಾದ ಸಮತಟ್ಟು ಚಾವಣಿಯನ್ನು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋಗ್ರಾಂ ಹೊರೆಗೆ ವಿನ್ಯಾಸಗೊಳಿಸಲಾಗುತ್ತದೆ. ಒಂದು ಘನ ಮೀಟರ್ ಒದ್ದೆ ತೋಟದ ಮಣ್ಣು ಸುಮಾರು 1,600ರಿಂದ 1,900 ಕಿಲೋಗ್ರಾಂ ತೂಗುತ್ತದೆ. ಎಂದರೆ ಚಾವಣಿಯ ಮೇಲೆ ಕೇವಲ 10 ಸೆಂ.ಮೀ. ದಪ್ಪಕ್ಕೆ ಮಣ್ಣು ಹರಡಿ ಮಳೆಗೆ ಬಿಟ್ಟರೂ ಈ ಮಿತಿ ದಾಟಿದಂತಾಗುತ್ತದೆ. ಆದುದರಿಂದ ಇಟ್ಟಿಗೆ ಕಟ್ಟಿ ಮಣ್ಣು ತುಂಬುವ ಮಡಿಗಳಿಗೆ ಕಟ್ಟಡದ ರಚನಾ ಎಂಜಿನಿಯರರ ಒಪ್ಪಿಗೆ ಬೇಕು.

ಬಿಡಿ ಕುಂಡಗಳಲ್ಲಿ ಈ ಅಪಾಯ ಕಡಿಮೆ. 15 ಲೀಟರಿನ ಕುಂಡವೊಂದು ಒದ್ದೆ ಮಣ್ಣು ತುಂಬಿದಾಗ ಸುಮಾರು 25 ಕಿಲೋಗ್ರಾಂ ತೂಗಿದರೆ, ಹಗುರ ಮಿಶ್ರಣದಲ್ಲಿ ತೂಕ ಸಾಕಷ್ಟು ಇಳಿಯುತ್ತದೆ. ಭಾರವಾದ ಕುಂಡಗಳನ್ನು ಚಾವಣಿಯ ನಡುವೆ ಗುಂಪಾಗಿಡದೆ ತೊಲೆ ಮತ್ತು ಭಾರ ಹೊರುವ ಗೋಡೆಗಳ ಮೇಲಿನ ಸಾಲಿನಲ್ಲಿ ಇಡಲಾಗುತ್ತದೆ. ಮನೆಯಿಂದ ಹೊರಚಾಚಿರುವ ಬಾಲ್ಕನಿಗಳಲ್ಲಿ ಅಂಚಿಗಿಂತ ಗೋಡೆಯ ಕಡೆ ಇಡುವುದು ಕ್ಷೇಮ.

ಎರಡನೆಯ ಸಮಸ್ಯೆ ತೇವ. ಕುಂಡಗಳನ್ನು ನೇರವಾಗಿ ಚಾವಣಿಯ ಮೇಲಿಟ್ಟರೆ ಅವುಗಳ ಅಡಿಯಲ್ಲಿ ನೀರು ನಿಂತು, ಕಾಲಕ್ರಮದಲ್ಲಿ ಒಳಮನೆಯ ಮೇಲ್ಛಾವಣಿಗೆ ಜಿನುಗುತ್ತದೆ. ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡ್ ಅಥವಾ ಇಟ್ಟಿಗೆಗಳ ಮೇಲೆ ಎತ್ತರಿಸುವುದು, ಮಳೆನೀರಿನ ಕೊಳವೆಯ ಬಾಯಿಯನ್ನು ಎಲೆ-ಮಣ್ಣಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಮತ್ತು ತೋಟಕ್ಕೆ ಮೊದಲೇ ವಾಟರ್‌ಪ್ರೂಫಿಂಗ್ ಮಾಡಿಸುವುದು ಇದಕ್ಕೆ ಪರಿಹಾರ. ಆಲ, ಅರಳಿ ಮತ್ತು ಅತ್ತಿಯ ಜಾತಿಯ ಸಸಿಗಳು ಗೋಡೆಯ ಬಿರುಕಿನಲ್ಲಿ ಮೊಳೆತರೆ ಕೂಡಲೇ ಕೀಳಬೇಕು.

## ನೀರು

ಬೇಸಿಗೆಯಲ್ಲಿ 12 ಅಂಗುಲದ ಕುಂಡವೊಂದಕ್ಕೆ ದಿನಕ್ಕೆ 1ರಿಂದ 2 ಲೀಟರ್ ನೀರು ಬೇಕಾಗುತ್ತದೆ. ಐವತ್ತು ಕುಂಡಗಳಿರುವ ತಾರಸಿಗೆ ಇದು 50ರಿಂದ 100 ಲೀಟರ್ ಆಗುತ್ತದೆ. ಒಳಚರಂಡಿಯಿರುವ ನಗರಗಳಲ್ಲಿ ಒಬ್ಬ ವ್ಯಕ್ತಿಯ ದಿನದ ಬಳಕೆಗೆ ನಿಗದಿಪಡಿಸಿದ ಪ್ರಮಾಣ 135 ಲೀಟರ್ ಎಂಬುದನ್ನು ಗಮನಿಸಿದರೆ, ಈ ಖರ್ಚು ಅಲ್ಪವಲ್ಲ. 2024ರ ಮಾರ್ಚ್‌ನಲ್ಲಿ ತೀವ್ರ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಮತ್ತು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು.

ಹೀಗಾಗಿ ಮರುಬಳಕೆಯ ನೀರು ನಗರದ ಕೈತೋಟಕ್ಕೆ ಅನಿವಾರ್ಯ. ಅಕ್ಕಿ, ಬೇಳೆ ಮತ್ತು ತರಕಾರಿ ತೊಳೆದ ನೀರನ್ನು ನೇರವಾಗಿ ಗಿಡಕ್ಕೆ ಹಾಕಬಹುದು. ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನು ಬೇರೆ ನೀರಿನೊಂದಿಗೆ ಬೆರೆಸಬೇಕು. ಬಟ್ಟೆ ಒಗೆದ ನೀರಿನಲ್ಲಿರುವ ಸೋಡಿಯಂ ಲವಣಗಳು ಕ್ರಮೇಣ ಮಣ್ಣನ್ನು ಕೆಡಿಸುತ್ತವೆ. ಇದು ಸೊಪ್ಪಿಗೆ ಸಲ್ಲದು.

ಮಳೆನೀರಿನ ಸಂಗ್ರಹ ಇನ್ನೊಂದು ಮಾರ್ಗ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 97 ಸೆಂ.ಮೀ. 30×40 ಅಡಿ ವಿಸ್ತೀರ್ಣದ ಚಾವಣಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆಂದು ಇದರಿಂದ ಲೆಕ್ಕ ಹಾಕಬಹುದು. ಒಣ ಎಲೆ, ತೆಂಗಿನ ಸಿಪ್ಪೆ ಅಥವಾ ಹುಲ್ಲಿನ ಹೊದಿಕೆಯಿಂದ ಮಣ್ಣಿನ ತೇವ ಆರುವುದು ನಿಧಾನವಾಗುತ್ತದೆ. ಮುಂಜಾನೆ ಅಥವಾ ಸಂಜೆ ಬುಡಕ್ಕೆ ನೀರು ಹಾಕುವುದು, ಸಾಧ್ಯವಿದ್ದಲ್ಲಿ ಹನಿ ನೀರಾವರಿ ಅಳವಡಿಸುವುದು ಉಳಿತಾಯದ ಕ್ರಮಗಳು.

## ಗೊಬ್ಬರ

ಅಡುಗೆಮನೆಯ ಹಸಿಕಸವೇ ಕೈತೋಟದ ಮುಖ್ಯ ಗೊಬ್ಬರದ ಮೂಲ. ರಂಧ್ರಗಳಿರುವ ಡ್ರಮ್ ಅಥವಾ ಒಂದರ ಮೇಲೊಂದು ಜೋಡಿಸಿದ ಮಣ್ಣಿನ ಮಡಕೆಗಳಲ್ಲಿ ಹಸಿಕಸವನ್ನೂ ಒಣ ಎಲೆ, ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯನ್ನೂ ಪದರ ಪದರವಾಗಿ ಹಾಕಲಾಗುತ್ತದೆ. ಎರಡು-ಮೂರು ತಿಂಗಳುಗಳಲ್ಲಿ ಅದು ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ. ಕೊಳೆತ ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ. ಒಣ ವಸ್ತು ಸೇರಿಸಿ ಮಗುಚುವುದರಿಂದ ಅದು ನಿವಾರಣೆಯಾಗುತ್ತದೆ. ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಮತ್ತು ಕಡಲೆಕಾಯಿ ಹಿಂಡಿಗಳೂ ಬಳಕೆಯಲ್ಲಿವೆ.

## ಬೆಳೆಗಳು ಮತ್ತು ಅವಧಿ

ಕೈತೋಟದ ಬೆಳೆಗಳನ್ನು ಅವು ಫಲ ಕೊಡಲು ತೆಗೆದುಕೊಳ್ಳುವ ಕಾಲದ ಆಧಾರದ ಮೇಲೆ ಮೂರು ಗುಂಪುಗಳಾಗಿ ವಿಂಗಡಿಸಬಹುದು.

- ಅಲ್ಪಾವಧಿ ಬೆಳೆಗಳು: ಮೆಂತ್ಯ ಮತ್ತು ದಂಟು (20–30 ದಿನ), ಪಾಲಕ್ (30–40 ದಿನ), ಮೂಲಂಗಿ (40–50 ದಿನ).
- ಮಧ್ಯಮಾವಧಿ ಬೆಳೆಗಳು: ಬೆಂಡೆ ಮತ್ತು ಬೀನ್ಸ್ (45–60 ದಿನ), ನಾಟಿಯ ನಂತರ ಟೊಮೇಟೊ ಮತ್ತು ಮೆಣಸಿನಕಾಯಿ (60–75 ದಿನ), ಹೀರೆ, ಹಾಗಲ, ಸೋರೆ, ಪಡವಲ ಮುಂತಾದ ಬಳ್ಳಿಗಳು.
- ದೀರ್ಘಾವಧಿ ಬೆಳೆಗಳು: ಪಪ್ಪಾಯಿ (9–10 ತಿಂಗಳು), ಬಾಳೆ (ಸುಮಾರು ಒಂದು ವರ್ಷ), ನಿಂಬೆ, ಸೀಬೆ, ಕರಿಬೇವು, ಮಲ್ಲಿಗೆ.

ಸೌತೆಯ ಜಾತಿಯ ಬಳ್ಳಿಗಳಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುತ್ತದೆ. ಜೇನ್ನೊಣಗಳು ಬಾರದ ಎತ್ತರದ ಮಹಡಿಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ತಾಗಿಸಬೇಕಾಗುತ್ತದೆ. ಸಿಹಿಗುಂಬಳದ ಹೂವು ಮುಂಜಾನೆ ಅರಳಿದರೆ ಹೀರೆಯ ಹೂವು ಸಂಜೆ ಅರಳುವುದರಿಂದ ಈ ಕೆಲಸದ ಹೊತ್ತೂ ಬೇರೆಯಾಗುತ್ತದೆ.

ಕೈತೋಟದಿಂದ ಮನೆಯ ತರಕಾರಿಯ ಅಗತ್ಯವೆಲ್ಲ ಪೂರೈಸುವುದು ವಿರಳ; ಸೊಪ್ಪಿನ ಅಗತ್ಯ ಪೂರೈಸುವುದು ಸಾಧ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2011ರ ಮಾರ್ಗಸೂಚಿಯು ಒಬ್ಬರಿಗೆ ದಿನಕ್ಕೆ 50 ಗ್ರಾಂ ಸೊಪ್ಪನ್ನು ಸೂಚಿಸಿತ್ತು. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ 6 ಕಿಲೋಗ್ರಾಂ. ಚದರ ಮೀಟರಿಗೆ ತಿಂಗಳಿಗೆ ಸುಮಾರು ಒಂದು ಕಿಲೋಗ್ರಾಂ ಸೊಪ್ಪು ಬೆಳೆದರೆ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತ ಹೋಗುವ ಆರೇಳು ಚದರ ಮೀಟರ್ ಜಾಗ ಸಾಕಾಗುತ್ತದೆ.

## ಬಾಡಿಗೆ ಮನೆ ಮತ್ತು ವಸತಿ ಸಮುಚ್ಚಯಗಳಲ್ಲಿ

ಕರ್ನಾಟಕದ ನಗರಗಳಲ್ಲಿ ಮನೆ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಈ ಅವಧಿಯೇ ಬಾಡಿಗೆದಾರರ ಬೆಳೆಯನ್ನು ನಿರ್ಧರಿಸುತ್ತದೆ. ಅಲ್ಪಾವಧಿ ಮತ್ತು ಮಧ್ಯಮಾವಧಿ ಬೆಳೆಗಳು ಒಂದೇ ಕರಾರಿನೊಳಗೆ ಹಲವು ಬಾರಿ ಕೊಯ್ಲಿಗೆ ಬರುತ್ತವೆ. ದೀರ್ಘಾವಧಿ ಗಿಡಗಳನ್ನು ನೆಲದಲ್ಲಿ ನೆಡುವ ಬದಲು, ಹೊತ್ತು ಸಾಗಿಸಬಹುದಾದ ಕುಂಡಗಳಲ್ಲಿ ಬೆಳೆಸುವುದು ರೂಢಿ. ಮನೆ ಬದಲಾಯಿಸುವ ಮೊದಲು ಬಳ್ಳಿಗಳನ್ನು ಸವರಿ, ಎರಡು ದಿನ ನೀರು ಕಡಿಮೆ ಮಾಡಿದರೆ ಕುಂಡಗಳ ತೂಕ ಇಳಿಯುತ್ತದೆ. ಸಾಗಿಸಲಾಗದ ಗಿಡಗಳಿಂದ ಬೀಜ ಮತ್ತು ಕಡ್ಡಿಗಳನ್ನು ಉಳಿಸಿಕೊಳ್ಳಲಾಗುತ್ತದೆ; ಬಸಳೆ, ದೊಡ್ಡಪತ್ರೆ, ಪುದೀನ, ದಾಸವಾಳಗಳು ಕಡ್ಡಿಯಿಂದಲೇ ಚಿಗುರುತ್ತವೆ.

ನೆಟ್ಟ ಗಿಡದ ಮೇಲಿನ ಹಕ್ಕಿನ ಬಗ್ಗೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಉಲ್ಲೇಖವಿದೆ. ಕರಾರಿನಲ್ಲಿ ಅಥವಾ ಸ್ಥಳೀಯ ರೂಢಿಯಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಗೇಣಿದಾರನು ತಾನು ನೆಲಕ್ಕೆ ಸೇರಿಸಿದ ವಸ್ತುಗಳನ್ನು ಸ್ವತ್ತು ತನ್ನ ಸ್ವಾಧೀನದಲ್ಲಿರುವಾಗಲೇ ತೆಗೆದುಕೊಂಡು ಹೋಗಬಹುದು. ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಬೇರೂರಿದ ಗಿಡಮರಗಳೂ ಕಾಯಿದೆಯ ಪ್ರಕಾರ ನೆಲಕ್ಕೆ ಸೇರಿದ ವಸ್ತುಗಳೇ. ಅವಧಿ ನಿಶ್ಚಯವಿಲ್ಲದ ಗೇಣಿಯು ಗೇಣಿದಾರನ ತಪ್ಪಿಲ್ಲದೆ ಕೊನೆಗೊಂಡಲ್ಲಿ, ಅವನು ಬಿತ್ತಿ ಬೆಳೆಸಿದ ಬೆಳೆಯನ್ನು ಕೊಯ್ದುಕೊಳ್ಳುವ ಹಕ್ಕೂ ಉಂಟು. ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ತಾರಸಿಯ ಬಳಕೆ, ಗೋಡೆಗೆ ಮೊಳೆ ಹೊಡೆಯುವುದು, ನೀರಿನ ಖರ್ಚು ಮತ್ತು ತೇವದ ಹಾನಿಯ ಹೊಣೆ ಇವನ್ನು ಕರಾರಿನಲ್ಲೇ ಬರೆದುಕೊಂಡರೆ ಮುಂಗಡ ಹಣದ ಕಡಿತದ ಕುರಿತ ವಿವಾದಗಳು ತಪ್ಪುತ್ತವೆ.

ವಸತಿ ಸಮುಚ್ಚಯಗಳಲ್ಲಿ ಸ್ವಂತ ಮನೆಯವರಿಗೂ ಮಿತಿಗಳಿವೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಡಿ, ಘೋಷಣಾಪತ್ರದಲ್ಲಿ ಬೇರೆ ಹೇಳಿರದಿದ್ದರೆ, ಚಾವಣಿಯು ಎಲ್ಲ ಒಡೆಯರ ಸಾಮಾನ್ಯ ಪ್ರದೇಶ. ಮೇಲಿನ ಮಹಡಿಯವರು ಅದನ್ನು ತಮ್ಮದೇ ತೋಟವಾಗಿ ಮಾಡಿಕೊಳ್ಳುವಂತಿಲ್ಲ. ಸಂಘದ ಒಪ್ಪಿಗೆಯಿಂದ ಸಾಮೂಹಿಕ ತೋಟ ಮಾಡಬಹುದು. ಸ್ವಂತ ನಿವೇಶನದಲ್ಲಿ ಬೆಳೆದ ಮರವನ್ನು ಕಡಿಯಲು ಸಹ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ವಯ ಹಲವು ಸಂದರ್ಭಗಳಲ್ಲಿ ಅನುಮತಿ ಬೇಕಾಗುವುದರಿಂದ, ದೊಡ್ಡದಾಗುವ ಮರವನ್ನು ಗೋಡೆಯ ಪಕ್ಕದಲ್ಲಿ ನೆಡುವ ಮೊದಲು ಯೋಚಿಸಬೇಕು.

## ಕೀಟ ಮತ್ತು ರೋಗ

ಸಸ್ಯಹೇನು, ಹಿಟ್ಟುತಿಗಣೆ, ಬಿಳಿನೊಣ ಮತ್ತು ಎಲೆ ತಿನ್ನುವ ಹುಳುಗಳು ಸಾಮಾನ್ಯ ಪೀಡೆಗಳು. ಆರಂಭದಲ್ಲೇ ಕಂಡುಹಿಡಿದರೆ ಕೈಯಿಂದ ಆರಿಸುವುದು ಅಥವಾ ನೀರಿನ ರಭಸದಿಂದ ತೊಳೆಯುವುದು ಸಾಕು. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸಾಬೂನಿನ ದ್ರಾವಣವನ್ನು ಬೆರೆಸಿ ಸಂಜೆ ಸಿಂಪಡಿಸುವುದು ರೂಢಿಯಲ್ಲಿದೆ. ಟೊಮೇಟೊ ಎಲೆ ಮುದುಡುವ ರೋಗವು ಬಿಳಿನೊಣದಿಂದ ಹರಡುವ ವೈರಾಣುವಿನಿಂದ ಬರುತ್ತದೆ. ಸೋಂಕಿದ ಗಿಡಕ್ಕೆ ಚಿಕಿತ್ಸೆಯಿಲ್ಲ, ಕಿತ್ತುಹಾಕಬೇಕು. ಒಂದೇ ಕುಂಡದಲ್ಲಿ ಟೊಮೇಟೊ, ಬದನೆ ಮತ್ತು ಮೆಣಸಿನಕಾಯಿಗಳನ್ನು ಮತ್ತೆ ಮತ್ತೆ ಬೆಳೆಯದೆ ನಡುವೆ ದ್ವಿದಳ ಅಥವಾ ಸೊಪ್ಪಿನ ಬೆಳೆ ಹಾಕುವುದು ಉತ್ತಮ.

## ಸುರಕ್ಷತೆ

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತಾಣ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕಾಗುವುದರಿಂದ, ವಾರಕ್ಕೊಮ್ಮೆಯಾದರೂ ತಟ್ಟೆಗಳನ್ನು ಬರಿದುಮಾಡಿ ಉಜ್ಜಬೇಕು. ಬಾಲ್ಕನಿಯ ಕಟಕಟೆಗೆ ತೂಗುಹಾಕುವ ಕುಂಡಗಳನ್ನು ಒಳಬದಿಗೆ ಬಿಗಿಯುವುದರಿಂದ ಗಾಳಿಗೆ ಬಿದ್ದು ದಾರಿಹೋಕರಿಗೆ ಆಗುವ ಅಪಾಯ ತಪ್ಪುತ್ತದೆ.

ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ; ಮಕ್ಕಳಿರುವ ಮನೆಯಲ್ಲಿ ಅದನ್ನು ಕೈಗೆಟುಕುವಂತೆ ಬೆಳೆಸಬಾರದು. ಕೈತೋಟಗಳಲ್ಲಿ ಜನಪ್ರಿಯವಾಗಿರುವ ಚಕ್ರಮುನಿ ಸೊಪ್ಪನ್ನು ಬೇಯಿಸಿ ಮಿತವಾಗಿ ಬಳಸಬೇಕು. 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಸಲುವಾಗಿ ಇದರ ಹಸಿ ರಸವನ್ನು ಹೆಚ್ಚಾಗಿ ಕುಡಿದ ಅನೇಕರು ಶ್ವಾಸಕೋಶದ ಗಂಭೀರ ಕಾಯಿಲೆಗೆ ತುತ್ತಾದರು. ಮನೆಯಲ್ಲಿ ಬೆಳೆದದ್ದೆಂಬ ಕಾರಣಕ್ಕೆ ಯಾವುದೂ ತಾನಾಗಿಯೇ ನಿರಪಾಯಕಾರಿಯಲ್ಲ.

## ಮಾಹಿತಿ ಮತ್ತು ಬೀಜದ ಮೂಲಗಳು

ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕಾ’ ಹೆಸರಿನಲ್ಲಿ ತರಕಾರಿ ತಳಿಗಳನ್ನು ಬಿಡುಗಡೆ ಮಾಡುತ್ತದೆ. ಬೆಂಡೆಯ ಅರ್ಕಾ ಅನಾಮಿಕ, ದಂಟಿನ ಅರ್ಕಾ ಸುಗುಣ, ಬೀನ್ಸ್‌ನ ಅರ್ಕಾ ಕೋಮಲ್ ಮತ್ತು ಟೊಮೇಟೊದ ಅರ್ಕಾ ರಕ್ಷಕ್ ಅವುಗಳಲ್ಲಿ ಕೆಲವು. ಕಡಿಮೆ ಜಾಗದಲ್ಲಿ ಕುಂಡಗಳನ್ನು ಮೇಲೆ ಮೇಲೆ ಜೋಡಿಸುವ ಲಂಬ ತೋಟದ ಚೌಕಟ್ಟನ್ನೂ ಸಂಸ್ಥೆ ರೂಪಿಸಿದೆ. ರಾಜ್ಯ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಸಿ, ಬೀಜ ಮತ್ತು ಸಲಹೆ ದೊರೆಯುತ್ತವೆ. ಮಿಶ್ರತಳಿಗಳಿಂದ ತೆಗೆದ ಬೀಜವು ಮೂಲ ಗಿಡದ ಗುಣವನ್ನು ಉಳಿಸಿಕೊಳ್ಳುವುದಿಲ್ಲವಾದ್ದರಿಂದ, ಬೀಜ ಕೂಡಿಡಲು ಬಯಸುವವರು ನಾಟಿ ತಳಿಗಳನ್ನು ಆರಿಸಿಕೊಳ್ಳುತ್ತಾರೆ.

## ಇವನ್ನೂ ನೋಡಿ

- ತೋಟಗಾರಿಕೆ
- ಲಾಲ್‌ಬಾಗ್
- ಕಾಂಪೋಸ್ಟ್
- ಮಳೆನೀರು ಕೊಯ್ಲು
- ಬಸಳೆ